ದಿನಾ ಕೆಂಪು ಮಾತ್ರೆ ನುಂಗಿದರೂ ಎಚ್‌ಬಿ ಏರುತ್ತಿಲ್ಲ, ಏನಿರಬಹುದು?

ಗುಡಿಬಂಡೆ ಅಕ್ಕ:
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನ ಹೆಂಡತಿಗೆ ಈಗ ಆರನೇ ತಿಂಗಳು. ಬಾಗೇಪಲ್ಲಿ ಕಡೆ ಹಳ್ಳಿ, ಚೊಚ್ಚಲು. ನಾಲ್ಕನೇ ತಿಂಗಳಲ್ಲಿ ತಾಯಿ ಕಾರ್ಡಿನಲ್ಲಿ ಎಚ್‌ಬಿ, ಅಂದರೆ ರಕ್ತದ ಹಿಮೋಗ್ಲೋಬಿನ್, 8.8 ಗ್ರಾಂ ಅಂತ ಬರೆದರು, ಮೊನ್ನೆ ನೋಡಿದರೆ 9. ಕಬ್ಬಿಣದ ಕೆಂಪು ಮಾತ್ರೆ ಬಿಟ್ಟಿಲ್ಲ, ಆ ಹುಡುಗಿ ಅಷ್ಟು ಶಿಸ್ತು. ಊಟಕ್ಕೂ ಕೊರತೆ ಇಲ್ಲ. ಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು, ವಾರಕ್ಕೊಮ್ಮೆ ಕೋಳಿ. ಆದರೂ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಮೀನಖಂಡ ಹಿಡಿದುಕೊಂಡು ಎದ್ದು ಕೂರುತ್ತಾಳೆ. ಪಟ್ಟಣದ ಒಂದು ಕ್ಲಿನಿಕ್‌ನಲ್ಲಿ ತೋರಿಸಿದೆವು. ಎರಡು ಟಾನಿಕ್, ಒಂದು ಪ್ರೋಟೀನ್ ಪೌಡರ್ ಡಬ್ಬಿ ಬರೆದುಕೊಟ್ಟರು. ಯಾಕೆ ಏರುತ್ತಿಲ್ಲ ಅಂತ ಕೇಳಿದರೆ "ಬಸುರಿಯರಿಗೆ ಇದೆಲ್ಲಾ ಮಾಮೂಲಿ" ಅಂದರು. ನನಗೆ ಆ ಮಾತು ಸರಿ ಅನಿಸಲಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ, ಎಲ್ಲಿಂದ ಹುಡುಕಬೇಕು?

ಮಾಲೂರು ಸಿಸ್ಟರ್:
ಅಕ್ಕಾ, ಖಂಡಿತ ಮಾಮೂಲಿ ಅಲ್ಲ. ಬಸುರಿಯಲ್ಲಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ರಿಂದ 9.9ರವರೆಗೆ ಮಧ್ಯಮ, 7ರ ಕೆಳಗೆ ತೀವ್ರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಶೇಕಡಾ 52.2ರಷ್ಟು ಜನಕ್ಕೆ ಇದು ಇತ್ತು. ಇಷ್ಟು ಜನಕ್ಕೆ ಇದೆ ಅಂದ ಮಾತ್ರಕ್ಕೆ ಸುಮ್ನೆ ಬಿಡುವ ವಿಷಯ ಆಗುವುದಿಲ್ಲ ಅಲ್ವಾ? ಹೆರಿಗೆಯಲ್ಲಿ ರಕ್ತ ಸ್ವಲ್ಪ ಜಾಸ್ತಿ ಹೋದರೂ ಇಂಥವರು ತಡೆದುಕೊಳ್ಳುವುದಿಲ್ಲ. ಮಗು ತೂಕ ಕಡಿಮೆ ಇರುವ, ದಿನ ತುಂಬುವ ಮುಂಚೆಯೇ ಹುಟ್ಟುವ ಸಾಧ್ಯತೆಯೂ ಜಾಸ್ತಿ.

ಮೊದಲು ಒಂದು ಪ್ರಶ್ನೆ. ಮಾತ್ರೆ ಯಾವಾಗ ತಗೋತಾರೆ, ಯಾವುದರ ಜೊತೆ? ಕ್ಯಾಲ್ಶಿಯಂ ಮಾತ್ರೆ ಕೂಡ ಕೊಟ್ಟಿರುತ್ತಾರೆ, ಅದನ್ನು ಯಾವಾಗ ತಗೋತಾರೆ?

ಗುಡಿಬಂಡೆ ಅಕ್ಕ:
ಈಗಷ್ಟೇ ಫೋನ್ ಮಾಡಿ ಕೇಳಿದೆ ಸಿಸ್ಟರ್. ರಾತ್ರಿ ಊಟ ಆದ ತಕ್ಷಣ ಎರಡನ್ನೂ ಒಟ್ಟಿಗೆ ನುಂಗುತ್ತಾಳಂತೆ. ಕೊಡುವಾಗ ಎರಡನ್ನೂ ಒಂದೇ ಕವರಿನಲ್ಲಿ ಹಾಕಿ ಕೊಟ್ಟರು, ಹೊತ್ತು ಯಾರೂ ಹೇಳಲಿಲ್ಲ ಅಂದಳು. ಬೆಳಿಗ್ಗೆ ಮತ್ತು ಸಂಜೆ ಟೀ ಇದೆ. ಕೆಲವು ದಿನ ರಾತ್ರಿ ಮಾತ್ರೆ ಕಹಿ ಅಂತ ಹಾಲಿನ ಜೊತೆ ನುಂಗುತ್ತಾಳೆ.

ಮಾಲೂರು ಸಿಸ್ಟರ್:
ಅರ್ಧ ಉತ್ತರ ಇಲ್ಲೇ ಸಿಕ್ಕಿತು ಅಕ್ಕಾ. ಕ್ಯಾಲ್ಶಿಯಂ ಮತ್ತು ಕಬ್ಬಿಣ ಒಟ್ಟಿಗೆ ಹೋದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಹಾಲಿನಲ್ಲೂ ಕ್ಯಾಲ್ಶಿಯಂ ಇದೆ, ಅದೂ ಬೇಡ. ಟೀ ಕಾಫಿಯಲ್ಲಿರುವ ಒಗರು ಅಂಶ ಕಬ್ಬಿಣವನ್ನು ಹಿಡಿದುಕೊಂಡು ಮಲದಲ್ಲಿ ಹೊರಗೆ ಕಳಿಸುತ್ತದೆ. ಊಟಕ್ಕೂ ಮಾತ್ರೆಗೂ ಟೀಗೂ ಮಧ್ಯೆ ಕನಿಷ್ಠ ಒಂದು ಗಂಟೆ ಇರಲಿ.

ಸರ್ಕಾರದ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದು, 180 ದಿನ. ರಕ್ತ ಕಮ್ಮಿ ಇದ್ದವರಿಗೆ ದಿನಕ್ಕೆ ಎರಡು. ನಿಮ್ಮ ಹುಡುಗಿಗೆ 8.8 ಇದ್ದಾಗಲೇ ಎರಡು ಹೇಳಬೇಕಿತ್ತು. ಈಗಲಾದರೂ ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಕೇಳಿ, ಅವರು ಹೇಳಿದ ಮೇಲೆ ಶುರು ಮಾಡಿ. ಕ್ಯಾಲ್ಶಿಯಂ 500 ಮಿಲಿಗ್ರಾಂದು ದಿನಕ್ಕೆ ಎರಡು, ಅದರಲ್ಲಿ ವಿಟಮಿನ್ ಡಿ ಕೂಡ ಇರುತ್ತದೆ. ನಾನು ನಮ್ಮಲ್ಲಿ ಬರುವವರಿಗೆ ಹೇಳುವ ಹೊತ್ತು ಹೀಗೆ: ಬೆಳಿಗ್ಗೆ ತಿಂಡಿ ಜೊತೆ ಒಂದು ಕ್ಯಾಲ್ಶಿಯಂ, 11 ಗಂಟೆ ಹೊತ್ತಿಗೆ ಒಂದು ಕೆಂಪು ಮಾತ್ರೆ ನಿಂಬೆಹಣ್ಣಿನ ನೀರಿನಲ್ಲಿ, ಮಧ್ಯಾಹ್ನ ಊಟದ ಜೊತೆ ಇನ್ನೊಂದು ಕ್ಯಾಲ್ಶಿಯಂ, ರಾತ್ರಿ ಮಲಗುವಾಗ ಇನ್ನೊಂದು ಕೆಂಪು. ಮಲ ಕಪ್ಪಗೆ ಹೋದರೆ ಹೆದರಬೇಡಿ, ಅದು ಕಬ್ಬಿಣದ ಬಣ್ಣ. ಹೊಟ್ಟೆ ಕಟ್ಟಿದರೆ ನೀರು, ಸೊಪ್ಪು, ಹಣ್ಣು ಜಾಸ್ತಿ ಮಾಡಿ, ಮಾತ್ರೆ ಮಾತ್ರ ಬಿಡಬೇಡಿ.

ಕ್ಯಾಲ್ಶಿಯಂ ಬೇಡವೇ ಬೇಡ ಅಂತ ತೆಗೆದುಬಿಡುವವರೂ ಇದ್ದಾರೆ, ಅದು ಇನ್ನೂ ಅಪಾಯ. ಊಟದಲ್ಲಿ ಕ್ಯಾಲ್ಶಿಯಂ ಕಡಿಮೆ ಇರುವವರಿಗೆ ಬಸುರಿಯಲ್ಲಿ ಬಿಪಿ ಏರಿ ಫಿಟ್ಸ್ ಬರುವ ಸಾಧ್ಯತೆಯನ್ನು ಈ ಮಾತ್ರೆ ಕಡಿಮೆ ಮಾಡುತ್ತದೆ.

ಶಿಡ್ಲಘಟ್ಟದ ಸೊಸೆ:
ಮಾತ್ರೆ ತಗೊಂಡರೆ ಮಗು ಕಪ್ಪಾಗುತ್ತದೆ, ಮಗು ದಪ್ಪ ಆಗಿ ಸಿಸೇರಿಯನ್ ಆಗುತ್ತದೆ ಅಂತ ನಮ್ಮ ಬೀದಿಯಲ್ಲಿ ಈಗಲೂ ಹೇಳುತ್ತಾರೆ. ಹೊಟ್ಟೆ ತುಂಬಾ ತಿನ್ನಬೇಡ, ಮಗು ಚಿಕ್ಕದಿದ್ದರೆ ಹೆರಿಗೆ ಸಲೀಸು ಅಂತಲೂ ಹೇಳುತ್ತಾರೆ. ರೇಷ್ಮೆ ಮನೆ ಕೆಲಸ ಅಂದರೆ ಬೆಳಿಗ್ಗೆಯಿಂದ ರಾತ್ರಿವರೆಗೂ ಹುಳಕ್ಕೆ ಸೊಪ್ಪು ಹಾಕುವುದು, ತಟ್ಟೆ ಎತ್ತುವುದು. ಅಷ್ಟು ದುಡಿದು ಅಷ್ಟೇ ತಿಂದರೆ ರಕ್ತ ಎಲ್ಲಿಂದ ಬರಬೇಕು ಹೇಳಿ. ಹುಳಕ್ಕೆ ಹೊತ್ತು ತಪ್ಪಿದರೆ ಮನೆಯವರೆಲ್ಲಾ ಎದ್ದು ಓಡಾಡುತ್ತಾರೆ, ಬಸುರಿ ಹೊತ್ತಿಗೆ ಸರಿಯಾಗಿ ಉಂಡಳಾ ಅಂತ ಯಾರೂ ನೋಡುವುದಿಲ್ಲ.

ಶ್ರೀನಿವಾಸಪುರ ಆಶಾ:
ನಾನು ಆಶಾ ಕಾರ್ಯಕರ್ತೆ. ಈ ಮಾತುಗಳನ್ನು ದಿನಾ ಕೇಳುತ್ತೇನೆ. ಸೊಸೆಗೆ ಹೇಳಿದರೆ ಏನೂ ಪ್ರಯೋಜನ ಇಲ್ಲ, ಅತ್ತೆಗೆ ಹೇಳಬೇಕು. ಅದಕ್ಕೇ ಪ್ರತಿ ತಿಂಗಳು 9ನೇ ತಾರೀಕು ಪಿಎಚ್‌ಸಿಯಲ್ಲಿ ಡಾಕ್ಟರ್ ತಪಾಸಣೆ ಇರುತ್ತದಲ್ಲಾ, ಆವತ್ತು ಸೊಸೆಯ ಜೊತೆ ಅತ್ತೆಯನ್ನೂ ಕರೆದುಕೊಂಡು ಹೋಗುತ್ತೇನೆ. ಡಾಕ್ಟರ್ ಬಾಯಿಂದಲೇ ಕೇಳಿದರೆ ಮನೆಗೆ ಬಂದ ಮೇಲೆ ಅವರೇ "ಮಾತ್ರೆ ತಗೊಂಡೇನಮ್ಮಾ" ಅಂತ ಕೇಳುತ್ತಾರೆ.

ಇನ್ನೊಂದು. ಕೆಲವರು ಕದ್ದು ಮಣ್ಣು, ಬಳಪ, ಹಸಿ ಅಕ್ಕಿ ತಿನ್ನುತ್ತಾರೆ. ಬೈಯಬೇಡಿ. ಬಯಕೆ ಅಂತ ನಕ್ಕು ಬಿಡಲೂ ಬೇಡಿ. ಕಬ್ಬಿಣದ ಅಂಶ ತುಂಬಾ ಕಡಿಮೆ ಆದವರಲ್ಲಿ ಇಂಥ ಆಸೆ ಬರುವುದು ಜಾಸ್ತಿ. ಮಣ್ಣಿನಲ್ಲಿ ಜಂತುಹುಳುವಿನ ಮೊಟ್ಟೆಯೂ ಇರುತ್ತದೆ. ಬರಿಗಾಲಲ್ಲಿ ಹೊಲಕ್ಕೆ ಹೋದರೆ ಕೊಕ್ಕೆಹುಳು ಪಾದದ ಚರ್ಮದಿಂದಲೇ ಒಳಗೆ ಹೋಗಿ ಕರುಳಲ್ಲಿ ಕೂತು ರಕ್ತ ಹೀರುತ್ತದೆ. ನಾಲ್ಕನೇ ತಿಂಗಳಾದ ಮೇಲೆ ಒಂದು ಸಲ ಅಲ್ಬೆಂಡಜೋಲ್ 400 ಮಿಲಿಗ್ರಾಂ ಕೊಡುತ್ತಾರೆ. ಮೊದಲ ಮೂರು ತಿಂಗಳು ಕೊಡುವುದಿಲ್ಲ. ಗುಡಿಬಂಡೆ ಅಕ್ಕಾ, ಕಾರ್ಡಿನಲ್ಲಿ ಅದು ಕೊಟ್ಟಿದ್ದಾರಾ ನೋಡಿ.

ಪಾವಗಡದ ಮೇಷ್ಟ್ರು:
ಎಲ್ಲರೂ ಮಾತ್ರೆ, ಊಟ ಹೇಳಿದಿರಿ, ಸರಿ. ನೀರಿನ ಬಗ್ಗೆ ಯಾರೂ ಕೇಳಲಿಲ್ಲ. ಬಾಗೇಪಲ್ಲಿ ಕಡೆ ಅಂದಿರಿ ಅಮ್ಮಾ, ಅಲ್ಲೂ ನಮ್ಮ ಪಾವಗಡದ ಹಾಗೇ ಫ್ಲೋರೈಡ್ ನೀರು. ಕೊಳವೆಬಾವಿ ಸಾವಿರ ಅಡಿ ದಾಟಿ ಕಲ್ಲಿನ ಪದರಕ್ಕೆ ಇಳಿದಿದೆ. ಆ ಕಲ್ಲಿನಿಂದಲೇ ಫ್ಲೋರೈಡ್ ಕರಗಿ ನೀರಿಗೆ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪುತ್ತಾರೆ. ಅದಕ್ಕಿಂತ ಮೇಲೆ ಹೋದ ಊರುಗಳು ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ ಬೇಕಾದಷ್ಟಿವೆ. ಮಕ್ಕಳ ಹಲ್ಲಿನ ಮೇಲಿನ ಕಂದು ಪಟ್ಟೆ ನೋಡಿದರೇ ಗೊತ್ತಾಗುತ್ತದೆ.

ಹಲ್ಲು, ಮೂಳೆಯ ವಿಷಯ ಎಲ್ಲರಿಗೂ ಗೊತ್ತು. ರಕ್ತದ ವಿಷಯ ಗೊತ್ತಿಲ್ಲ. ದೆಹಲಿಯಲ್ಲಿ ಫ್ಲೋರೋಸಿಸ್, ಅಂದರೆ ಫ್ಲೋರೈಡ್‌ನಿಂದ ಬರುವ ಕಾಯಿಲೆ ಬಗ್ಗೆ ಬಹಳ ವರ್ಷ ಕೆಲಸ ಮಾಡಿದ ಡಾ. ಎ.ಕೆ. ಸುಶೀಲಾ ಅವರ ತಂಡ 2010ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ರಕ್ತ ಕಮ್ಮಿ ಇದ್ದು ಮೂತ್ರದಲ್ಲಿ ಫ್ಲೋರೈಡ್ ಜಾಸ್ತಿ ಇದ್ದ ಬಸುರಿಯರಿಗೆ ಫ್ಲೋರೈಡ್ ಇರುವ ನೀರು ಮತ್ತು ಆಹಾರ ಬಿಡಿಸಿ, ಒಳ್ಳೆ ಊಟ ಹೇಳಿಕೊಟ್ಟರು. ಎಚ್‌ಬಿ ಏರಿತು. ತೂಕ ಕಡಿಮೆ ಇರುವ ಮಕ್ಕಳು ಹುಟ್ಟುವುದೂ ಕಡಿಮೆ ಆಯಿತು. ಫ್ಲೋರೈಡ್ ಕರುಳಿನ ಒಳಪದರವನ್ನು ಕೆಡಿಸುತ್ತದೆ, ಆಮೇಲೆ ತಿಂದಿದ್ದು ಮೈಗೆ ಹತ್ತುವುದಿಲ್ಲ ಅನ್ನುವುದು ಅವರ ವಿವರಣೆ.

ನಮ್ಮ ಜನ ಮಾಡುವುದು ಏನು ಗೊತ್ತಾ? ಊರಿನ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತರುತ್ತಾರೆ, ಅದು ಕುಡಿಯುವುದಕ್ಕೆ ಮಾತ್ರ. ಅನ್ನ, ಮುದ್ದೆ, ಸಾರು, ಟೀ ಎಲ್ಲಾ ಬೋರ್‌ವೆಲ್ ನೀರಿನಲ್ಲಿ. ಒಂದು ಮುದ್ದೆ ಎಷ್ಟು ನೀರು ಕುಡಿಯುತ್ತದೆ ಯೋಚನೆ ಮಾಡಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದು ಇನ್ನೂ ಗಟ್ಟಿ ಆಗುತ್ತದೆ. ಮನೆಗೆಲ್ಲಾ ಆಗದಿದ್ದರೂ ಬಸುರಿಯ ಅಡುಗೆಗಾದರೂ ಘಟಕದ ನೀರು ಬಳಸಿ.

ಶಿರಾ ಲ್ಯಾಬ್:
ಮೇಷ್ಟ್ರೇ, ನೀರಿನ ವಿಷಯ ಒಪ್ಪುತ್ತೇನೆ, ಆದರೆ ಎಲ್ಲವನ್ನೂ ನೀರಿನ ತಲೆಗೆ ಕಟ್ಟಿದರೆ ಬೇರೆ ಕಾರಣ ಕೈ ತಪ್ಪಿ ಹೋಗುತ್ತದೆ. ನಾನು ಲ್ಯಾಬಿನಲ್ಲಿ ಕೆಲಸ ಮಾಡುವವನು, ಒಂದೆರಡು ಮಾತು. 8.8 ಮತ್ತು 9 ಅಂದರೆ ನಿಜವಾಗಿ ಏರಿದೆಯೋ ಇಲ್ಲವೋ ಹೇಳುವುದು ಕಷ್ಟ. ಒಂದು ಸಲ ಬೆರಳು ಚುಚ್ಚಿ ಸಣ್ಣ ಮೀಟರಿನಲ್ಲಿ, ಇನ್ನೊಂದು ಸಲ ನರದಿಂದ ರಕ್ತ ತೆಗೆದು ದೊಡ್ಡ ಮಷೀನಿನಲ್ಲಿ ನೋಡಿದರೆ ಇಷ್ಟು ವ್ಯತ್ಯಾಸ ಸುಮ್ನೆ ಬರುತ್ತದೆ. ಬಸುರಿಯಲ್ಲಿ ಮೈಯಲ್ಲಿ ನೀರಿನಂಶ ಜಾಸ್ತಿ ಆಗಿ ರಕ್ತ ತೆಳುವಾಗುವುದೂ ಇದೆ. ಆದ್ದರಿಂದ ಒಂದೇ ಕಡೆ, ಒಂದೇ ರೀತಿಯಲ್ಲಿ ತಿಂಗಳಿಗೊಮ್ಮೆ ನೋಡಿಸಿ.

ಪೂರ್ತಿ ರಕ್ತಪರೀಕ್ಷೆ, ಅಂದರೆ ಸಿಬಿಸಿ ಮಾಡಿಸಿ. ಅದರಲ್ಲಿ ಎಂಸಿವಿ ಅಂತ ಒಂದು ಅಂಕಿ ಇರುತ್ತದೆ, ರಕ್ತಕಣದ ಗಾತ್ರ. ಕಣ ಚಿಕ್ಕದಿದ್ದರೆ ಹೆಚ್ಚಾಗಿ ಕಬ್ಬಿಣದ ಕೊರತೆ, ಆದರೆ ಥಲಸ್ಸೀಮಿಯಾದ (ಹುಟ್ಟಿನಿಂದಲೇ ಬರುವ ರಕ್ತದ ದೋಷ) ಅಂಶ ಇರುವವರಲ್ಲೂ ಚಿಕ್ಕದೇ ಇರುತ್ತದೆ, ಅವರಿಗೆ ಬರೀ ಕಬ್ಬಿಣ ಕೊಟ್ಟರೆ ಏರುವುದಿಲ್ಲ. ಕಣ ದೊಡ್ಡದಿದ್ದರೆ ಹೆಚ್ಚಾಗಿ ವಿಟಮಿನ್ ಬಿ12 ಅಥವಾ ಫೋಲೇಟ್ (ಫೋಲಿಕ್ ಆಸಿಡ್) ಕೊರತೆ. ಎರಡು ಕೊರತೆ ಒಟ್ಟಿಗೆ ಇದ್ದರೆ ಗಾತ್ರ ಸರಾಸರಿಯಲ್ಲಿ ಸರಿ ಇರುವಂತೆ ಕಂಡು ಮೋಸ ಮಾಡುತ್ತದೆ. ಅದಕ್ಕೇ ವರದಿಯನ್ನು ಡಾಕ್ಟರಿಗೆ ತೋರಿಸಿಯೇ ಓದಿಸಿ.

ತುಮಕೂರು ವೀಣಾವಾದಿನಿ:
ಬಿ12 ಅಂದ ಕೂಡಲೇ ನಾನು ಬರೆಯಲೇಬೇಕು. ನಮ್ಮದು ಮೊಟ್ಟೆಯೂ ಮುಟ್ಟದ ಮನೆ. ನನ್ನ ಮಗಳಿಗೆ ಕೈಕಾಲು ಜುಮ್ಮೆನ್ನುವುದು, ನಾಲಿಗೆ ಉರಿ, ಮರೆವು ಎಲ್ಲಾ ಇತ್ತು, ಬಸುರಿ ಸುಸ್ತು ಅಂತಲೇ ಎಲ್ಲರೂ ಅಂದರು. ಒಬ್ಬ ಡಾಕ್ಟರು ಬಿ12 ನೋಡಿಸಿ ಅಂದರು, ಪೂರಾ ಕೆಳಗಿತ್ತು, ಇಂಜೆಕ್ಷನ್ ಕೊಟ್ಟ ಮೇಲೆ ಸರಿಹೋಯಿತು. ಈ ವಿಟಮಿನ್ ಸೊಪ್ಪು, ಕಾಳು, ತರಕಾರಿಯಲ್ಲಿ ಇರುವುದೇ ಇಲ್ಲ. ಮಾಂಸ, ಮೀನು, ಮೊಟ್ಟೆ, ಹಾಲು ಮೊಸರಿನಲ್ಲಿ ಮಾತ್ರ. ನೀರು ಮಜ್ಜಿಗೆ ಒಂದು ಲೋಟ ಕುಡಿದರೆ ಸಾಲದು. ಬರೀ ಫೋಲಿಕ್ ಆಸಿಡ್ ತಗೊಂಡರೆ ರಕ್ತದ ವರದಿ ಚೆನ್ನಾಗಿ ಕಾಣುತ್ತದೆ, ಒಳಗೆ ನರಕ್ಕೆ ಆಗುವ ಹಾನಿ ಹಾಗೇ ನಡೆಯುತ್ತಿರುತ್ತದೆ. ಸಸ್ಯಾಹಾರಿ ಮನೆಯ ಹೆಣ್ಣುಮಕ್ಕಳು ತಾವಾಗಿಯೇ ಡಾಕ್ಟರನ್ನು ಕೇಳಿ ಈ ಪರೀಕ್ಷೆ ಮಾಡಿಸಿ, ಎಲ್ಲಾ ಕಡೆ ಅವರಾಗಿ ಮಾಡುವುದಿಲ್ಲ.

ಕೋಲಾರದ ಗೌಡರು:
ನಮ್ಮ ಕಡೆ ಎಲ್ಲಾ ಮುದ್ದೆ ತಿಂದು ಬೆಳೆದವರು. ರಾಗಿಯಲ್ಲಿ ಇಲ್ಲದ ಶಕ್ತಿ ಮಾತ್ರೆಯಲ್ಲಿ ಏನಿದೆ? ನಮ್ಮ ಅಜ್ಜಿ ಎಂಟು ಹೆತ್ತಳು, ಎಚ್‌ಬಿ ಅಂದರೆ ಏನೆಂದೇ ಗೊತ್ತಿರಲಿಲ್ಲ.

ಮಾಲೂರು ಸಿಸ್ಟರ್:
ಗೌಡ್ರೇ, ರಾಗಿ ಬಗ್ಗೆ ನನಗೂ ಅಭಿಮಾನ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಶಿಯಂ, ಬೇರೆ ಯಾವ ಧಾನ್ಯದಲ್ಲೂ ಅಷ್ಟಿಲ್ಲ. ಆದರೆ ಕಬ್ಬಿಣ ಅದರಲ್ಲಿ 4-5 ಮಿಲಿಗ್ರಾಂ ಮಾತ್ರ, ಅದನ್ನೂ ರಾಗಿಯೊಳಗಿನ ಫೈಟೇಟ್ ಅನ್ನುವ ವಸ್ತು ಮತ್ತು ಒಗರು ಅಂಶ ಬಿಗಿಯಾಗಿ ಹಿಡಿದಿರುತ್ತವೆ. ಮೊಳಕೆ ಕಟ್ಟಿಸಿ ಹಿಟ್ಟು ಮಾಡಿಸಿದರೆ, ಅಂಬಲಿ ಹುಳಿ ಬರಿಸಿ ಕುಡಿದರೆ ಆ ಹಿಡಿತ ಸಡಿಲ ಆಗುತ್ತದೆ. ಅಜ್ಜಿಯ ಕಾಲದಲ್ಲಿ ಎಷ್ಟು ತಾಯಂದಿರು ಹೆರಿಗೆಯಲ್ಲೇ ಹೋದರು ಅನ್ನುವುದನ್ನೂ ಮನೆಯ ಹಿರಿಯರನ್ನು ಕೇಳಿ. ಬದುಕಿದವರ ಕಥೆ ಮಾತ್ರ ನಮ್ಮ ಕಿವಿಗೆ ಬಿದ್ದಿದೆ.

ಗುಡಿಬಂಡೆ ಅಕ್ಕ:
ಹಾಗಾದರೆ ಸೊಪ್ಪಿಂದ ಏನೂ ಪ್ರಯೋಜನ ಇಲ್ಲವಾ ಸಿಸ್ಟರ್? ಹೊಲದ ಬದುವಿನಿಂದ ದಿನಾ ಬೆರಕೆ ಸೊಪ್ಪು ಕಿತ್ತು ತರುತ್ತೇವೆ, ಅಣ್ಣೆ, ದಂಟು, ಕೀರೆ ಎಲ್ಲಾ ಇರುತ್ತದೆ.

ಶ್ರೀನಿವಾಸಪುರ ಆಶಾ:
ಅಕ್ಕಾ ಬಿಡಬೇಡಿ, ಅದರಲ್ಲಿ ಫೋಲೇಟ್ ಇದೆ, ಕ್ಯಾಲ್ಶಿಯಂ ಇದೆ, ವಿಟಮಿನ್ ಎ ಆಗುವ ಅಂಶ ಇದೆ. ಕಬ್ಬಿಣವೂ ಇದೆ, ಮೈಗೆ ಹತ್ತುವುದು ಸ್ವಲ್ಪ ಕಡಿಮೆ ಅಷ್ಟೇ. ಹುಳಿ ಸೇರಿದರೆ ಜಾಸ್ತಿ ಹತ್ತುತ್ತದೆ. ಸಾರು ಇಳಿಸಿದ ಮೇಲೆ ತಟ್ಟೆಯಲ್ಲೇ ನಿಂಬೆಹಣ್ಣು ಹಿಂಡಿ, ಕುದಿಯುವಾಗ ಹಿಂಡಿದರೆ ವಿಟಮಿನ್ ಸಿ ಹಾಳಾಗುತ್ತದೆ. ಊಟ ಆದ ಮೇಲೆ ಒಂದು ಸೀಬೆಹಣ್ಣು, ಇಲ್ಲವಾದರೆ ಒಂದು ನೆಲ್ಲಿಕಾಯಿ. ನಮ್ಮ ಬಸ್ಸಾರು ಇದೆಯಲ್ಲಾ, ಅದು ಒಳ್ಳೆ ಪದ್ಧತಿ, ಸೊಪ್ಪು ಬಸಿದ ನೀರಿನಲ್ಲೇ ಸಾರು ಮಾಡುತ್ತೇವೆ, ಫೋಲೇಟ್ ನೀರಿಗೆ ಇಳಿದರೂ ಹೊಟ್ಟೆಗೇ ಹೋಗುತ್ತದೆ. ಬಸಿದು ಚರಂಡಿಗೆ ಚೆಲ್ಲುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಉಪ್ಪು ಮಾತ್ರ ಅಯೋಡಿನ್ ಇರುವ ಪ್ಯಾಕೆಟ್ ಉಪ್ಪು ಹಾಕಿ. ನಮ್ಮಲ್ಲಿ ಸಾರಿಗೆ ಕಲ್ಲುಪ್ಪು ಹಾಕುವ ಮನೆಗಳು ತುಂಬಾ ಇವೆ. ಸಂತೆಯಲ್ಲಿ ಬಿಡಿಯಾಗಿ ಅಳೆದು ಕೊಡುವ ಕಲ್ಲುಪ್ಪಿನಲ್ಲಿ ಅಯೋಡಿನ್ ಸೇರಿಸಿರುವುದಿಲ್ಲ. ಹೊಟ್ಟೆಯಲ್ಲಿರುವ ಮಗುವಿನ ಮೆದುಳು ಬೆಳೆಯುವುದಕ್ಕೆ ಅಯೋಡಿನ್ ಬೇಕೇ ಬೇಕು.

ನರಸಾಪುರ ಶಿಫ್ಟ್:
ಎಲ್ಲರೂ ಹೇಳುವುದು ಸರಿ, ಆದರೆ ನಮ್ಮಂಥವರ ವಿಷಯ ಕೇಳಿ. ನಾನು ಫ್ಯಾಕ್ಟರಿ ಲೈನಿನಲ್ಲಿ ಕಾಂಟ್ರಾಕ್ಟ್ ಕೆಲಸ. ಬೆಳಿಗ್ಗೆ ಕತ್ತಲಲ್ಲೇ ಕಂಪನಿ ಬಸ್ಸು ಬರುತ್ತದೆ. ಅಂಗನವಾಡಿಯಲ್ಲಿ ಬಸುರಿಯರಿಗೆ ಮಧ್ಯಾಹ್ನ ಬಿಸಿಯೂಟ ಇದೆ, ಹಾಲು, ಮೊಟ್ಟೆ, ಕಡಲೆಬೀಜದ ಚಿಕ್ಕಿ ಎಲ್ಲಾ ಇದೆ, ಒಳ್ಳೆಯದೇ. ಆದರೆ ಆ ಹೊತ್ತಿಗೆ ನಾವು ಎಲ್ಲಿರುತ್ತೇವೆ? ಬಸುರಿ ಅಂತ ಗೊತ್ತಾದರೆ ಕೆಲಸ ಹೋಗುತ್ತದೆ ಅಂತ ಐದು ತಿಂಗಳವರೆಗೂ ಹೇಳದೆ ಇರುವವರಿದ್ದಾರೆ. ಅವರು ಪಿಎಚ್‌ಸಿಗೂ ಹೋಗುವುದಿಲ್ಲ, ರಜ ಕೊಡುವುದಿಲ್ಲ. ಅವರ ಎಚ್‌ಬಿ ಎಷ್ಟಿದೆ ಅಂತ ಯಾರಿಗೆ ಗೊತ್ತು?

ಶ್ರೀನಿವಾಸಪುರ ಆಶಾ:
ನಿಮ್ಮ ಮಾತು ನೂರಕ್ಕೆ ನೂರು ನಿಜ ತಂಗಿ. ಆ ಬಿಸಿಯೂಟದ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ರಾಜ್ಯಕ್ಕೆಲ್ಲಾ ಬಂತು, ಅದಕ್ಕೆ ಮುಂಚೆ ಪ್ರಯೋಗ ಮಾಡಿದ ತಾಲ್ಲೂಕುಗಳಲ್ಲಿ ತುಮಕೂರು ಜಿಲ್ಲೆಯ ಮಧುಗಿರಿಯೂ ಒಂದು. ಅಂಗನವಾಡಿ ಕೇಂದ್ರಕ್ಕೇ ಬಂದು ತಿನ್ನಬೇಕು ಅಂತ ಮಾಡಿದ್ದಕ್ಕೆ ಕಾರಣ ಇದೆ. ಮನೆಗೆ ಕೊಟ್ಟು ಕಳಿಸಿದರೆ ಮೊಟ್ಟೆ ಗಂಡನ ತಟ್ಟೆಗೋ ಮಕ್ಕಳ ತಟ್ಟೆಗೋ ಹೋಗುತ್ತದೆ. ಆದರೆ ದೂರದ ತೋಟದ ಮನೆಯವರಿಗೆ, ಕೂಲಿಗೆ, ಫ್ಯಾಕ್ಟರಿಗೆ ಹೋಗುವವರಿಗೆ ಅದು ಎಟುಕುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ದುಡಿಯುವವರಿಗಾದರೂ ಡಬ್ಬಿಯಲ್ಲಿ ಕೊಡಬೇಕು. ಅರ್ಧ ಬೇರೆಯವರ ಹೊಟ್ಟೆಗೆ ಹೋದರೂ ಉಳಿದ ಅರ್ಧವಾದರೂ ಇವರಿಗೆ ಸಿಗುತ್ತದೆ. ಮಾತ್ರೆಗೆ ಮಾತ್ರ ನೀವು ಬರಬೇಕಾಗಿಲ್ಲ, ನಿಮ್ಮ ಊರಿನ ಆಶಾಗೆ ಒಂದು ಫೋನ್ ಮಾಡಿ, ಸಂಜೆ ಬಸ್ಸು ಇಳಿಯುವ ಕಡೆಯೇ ತಂದುಕೊಡುತ್ತೇವೆ.

ಚಿಂತಾಮಣಿ ಹೊಸಮನೆ:
ನನ್ನದು ಮದುವೆ ಆಗಿ ಒಂದು ವರ್ಷ, ಮಗುವಿಗೆ ಯೋಚಿಸುತ್ತಿದ್ದೇವೆ. ನಾನು ಈಗಲೇ ಏನಾದರೂ ತಗೋಬೇಕಾ, ಇಲ್ಲ ಕನ್ಫರ್ಮ್ ಆದ ಮೇಲೆ ಸಾಕಾ?

ಮಾಲೂರು ಸಿಸ್ಟರ್:
ಈಗಲೇ ಶುರು ಮಾಡಿ ಅಮ್ಮಾ. ಫೋಲಿಕ್ ಆಸಿಡ್ 400 ಮೈಕ್ರೋಗ್ರಾಂ ದಿನಕ್ಕೊಂದು, ಗರ್ಭ ನಿಲ್ಲುವುದಕ್ಕೆ ಕನಿಷ್ಠ ಒಂದು ತಿಂಗಳು ಮುಂಚಿನಿಂದ. ಮಗುವಿನ ಬೆನ್ನುಹುರಿ ಮತ್ತು ಮೆದುಳು ಆಗುವ ಕೊಳವೆ ಗರ್ಭ ನಿಂತು 28 ದಿನದೊಳಗೆ ಮುಚ್ಚಿಕೊಳ್ಳಬೇಕು. ಅಷ್ಟೊತ್ತಿಗೆ ಮುಟ್ಟು ನಿಂತಿದೆ ಅಂತಲೇ ಸರಿಯಾಗಿ ಗೊತ್ತಾಗಿರುವುದಿಲ್ಲ. ತಾಯಿ ಕಾರ್ಡ್ ಮಾಡಿಸುವುದು ಮೂರನೇ ತಿಂಗಳಿಗೆ, ಅಲ್ಲಿಗೆ ಆ ಕೆಲಸ ಮುಗಿದೇ ಹೋಗಿರುತ್ತದೆ. ಜೊತೆಗೆ ಒಂದು ಸಲ ಎಚ್‌ಬಿ ನೋಡಿಸಿ. ಕಮ್ಮಿ ಇದ್ದರೆ ಈಗ ಸರಿಮಾಡುವುದು ಸುಲಭ, ಆಮೇಲೆ ಮಗುವೂ ಅದೇ ರಕ್ತದಲ್ಲಿ ಪಾಲು ಕೇಳುತ್ತದೆ.

ಗುಡಿಬಂಡೆ ಅಕ್ಕ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ನೀರು ಎಲ್ಲಿ ಪರೀಕ್ಷೆ ಮಾಡಿಸಬೇಕು? ಸಿಸ್ಟರ್, ಹೊತ್ತು ಬದಲಾಯಿಸಿದ ಮೇಲೂ ಏರದಿದ್ದರೆ ಏನು ಮಾಡಬೇಕು?

ಪಾವಗಡದ ಮೇಷ್ಟ್ರು:
ಗ್ರಾಮ ಪಂಚಾಯಿತಿಯಲ್ಲಿ ಕೇಳಿ ಅಮ್ಮಾ. ಜಲಜೀವನ್ ಮಿಷನ್‌ನಲ್ಲಿ ಊರಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ನೀರು ನೋಡುವ ಕಿಟ್ ಕೊಡುವ ವ್ಯವಸ್ಥೆ ಇದೆ, ಫ್ಲೋರೈಡ್ ಅದರಲ್ಲೇ ಗೊತ್ತಾಗುತ್ತದೆ. ಜಾಸ್ತಿ ತೋರಿಸಿದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬಿಗೆ ಕಳಿಸಿ. ಬಾಟಲಿ ಅದೇ ನೀರಿನಲ್ಲಿ ಚೆನ್ನಾಗಿ ತೊಳೆದು ತುಂಬಿಸಿ. ಘಟಕದ ನೀರನ್ನೂ ಒಂದು ಸಲ ನೋಡಿಸಿ, ಫಿಲ್ಟರ್ ಬದಲಾಯಿಸದೆ ವರ್ಷಗಟ್ಟಲೆ ಓಡಿಸುವ ಕಡೆಗಳಿವೆ.

ಮಾಲೂರು ಸಿಸ್ಟರ್:
ಅಕ್ಕಾ, ಒಂದು ತಿಂಗಳು ಸರಿಯಾಗಿ ತಗೊಂಡ ಮೇಲೂ 1 ಗ್ರಾಂ ಏರದಿದ್ದರೆ ಕಾಯಬೇಡಿ. ತಾಲ್ಲೂಕು ಆಸ್ಪತ್ರೆಗೋ ಜಿಲ್ಲಾ ಆಸ್ಪತ್ರೆಗೋ ಹೋಗಿ, ನರಕ್ಕೆ ಹಾಕುವ ಕಬ್ಬಿಣದ ಇಂಜೆಕ್ಷನ್ ಇದೆ, ಡ್ರಿಪ್‌ನಲ್ಲಿ ಹಾಕುತ್ತಾರೆ. ಆರನೇ ತಿಂಗಳು ಆಗಿರುವುದರಿಂದ ಸಮಯ ಕಡಿಮೆ ಇದೆ. ಟಾನಿಕ್, ಪೌಡರಿಗೆ ಹಾಕುವ ದುಡ್ಡಿನಲ್ಲಿ ಸಿಬಿಸಿ ಮತ್ತು ಬಿ12 ಮಾಡಿಸಿ, ಉಳಿದಿದ್ದಕ್ಕೆ ಮೊಟ್ಟೆ, ಕಡಲೆಬೀಜ ತನ್ನಿ.

ಶ್ರೀನಿವಾಸಪುರ ಆಶಾ:
ಇದನ್ನೂ ಸೇರಿಸುತ್ತೇನೆ, ಯಾರೂ ಹೇಳುವುದಿಲ್ಲ. ಏಳನೇ ತಿಂಗಳಿಗೆ ಸೀಮಂತ ಮಾಡಿ ತವರಿಗೆ ಕಳಿಸುತ್ತಾರೆ, ಅಲ್ಲಿಗೆ ಮಾತ್ರೆ ತಪ್ಪಿಹೋಗುತ್ತದೆ. ಗಂಡನ ಊರಿನ ಆಶಾ ಪಟ್ಟಿಯಲ್ಲಿ ಹೆಸರಿರುತ್ತದೆ, ತವರಿನ ಆಶಾಗೆ ಈ ಹುಡುಗಿ ಬಂದಿದ್ದಾಳೆ ಅಂತಲೇ ಗೊತ್ತಿರುವುದಿಲ್ಲ. ಸೀರೆ, ಬಳೆ ಜೊತೆ ತಾಯಿ ಕಾರ್ಡ್, ಎರಡು ತಿಂಗಳ ಮಾತ್ರೆ, ಹಳೇ ವರದಿಗಳನ್ನೂ ಚೀಲಕ್ಕೆ ಹಾಕಿ. ತವರಿಗೆ ಹೋದ ವಾರದಲ್ಲೇ ಅಲ್ಲಿನ ಪಿಎಚ್‌ಸಿಯಲ್ಲಿ ಹೆಸರು ಬರೆಸಿ.

ಹೆರಿಗೆ ಆದ ಮೇಲೆ ಇನ್ನೂ 180 ದಿನ ಕೆಂಪು ಮಾತ್ರೆ, ಆರು ತಿಂಗಳು ಕ್ಯಾಲ್ಶಿಯಂ ಇದೆ. ಬಾಣಂತಿಗೆ ಪಥ್ಯ ಅಂತ ಮೆಣಸಿನ ಸಾರು ಅನ್ನ ಬಿಟ್ಟು ಬೇರೆ ಕೊಡದ ಮನೆಗಳಿವೆ. ಸೊಪ್ಪು ಕೊಟ್ಟರೆ ಮಗುವಿಗೆ ಭೇದಿ, ನೀರು ಜಾಸ್ತಿ ಕುಡಿದರೆ ಹೊಟ್ಟೆ ಬರುತ್ತದೆ ಅನ್ನುತ್ತಾರೆ. ಎರಡೂ ನಿಜ ಅಲ್ಲ. ತಾಯಿಗೆ ಬಿ12 ಇಲ್ಲದಿದ್ದರೆ ಎದೆಹಾಲಿನಲ್ಲೂ ಇರುವುದಿಲ್ಲ, ಅಂಥ ಮಕ್ಕಳು ಕತ್ತು ನಿಲ್ಲಿಸದೆ, ನಗದೆ, ಮಂಕಾಗಿ ಇರುವುದನ್ನು ನೋಡಿದ್ದೇನೆ. ಬಾಣಂತನಕ್ಕೆ ಬರುವ ಅಮ್ಮ, ಅಜ್ಜಿಗೆ ಈಗಲೇ ಹೇಳಿಡಿ ಅಕ್ಕಾ, ಹೆರಿಗೆ ಆದ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ.